ಮಗುವಿನ ಮೊದಲ ಸಾವಿರ ದಿನ ಏಕೆ ಮುಖ್ಯ? ಮರಾಠವಾಡದ ಅಂಗನವಾಡಿಗಳು ಕಲಿಸಿದ ಪಾಠ, ಪೋಷಕರು ತಿಳಿಯಬೇಕಾದ ಸಂಗತಿಗಳು

ಛತ್ರಪತಿ ಸಂಭಾಜಿನಗರ (ಮಹಾರಾಷ್ಟ್ರ): ದೌಲತಾಬಾದ್ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ದೇವಗಿರಿ ಕೋಟೆ. ಆದರೆ ಈ ಕೋಟೆ ಇರುವ ಜಿಲ್ಲೆಗೆ, ಅಂದರೆ ಹಿಂದಿನ ಔರಂಗಾಬಾದ್‌ಗೆ, ಇನ್ನೊಂದು ಗುರುತೂ ಇದೆ. ಪುಟ್ಟ ಮಕ್ಕಳ ಅಪೌಷ್ಟಿಕತೆ ವಿರುದ್ಧ ಮಹಾರಾಷ್ಟ್ರ ನಡೆಸಿದ ದೊಡ್ಡ ಪ್ರಯತ್ನ ಶುರುವಾಗಿದ್ದು ಇಲ್ಲಿಂದಲೇ. ಮಗುವಿನ ಹೊಟ್ಟೆಯ ಜೊತೆಗೆ ಮಿದುಳಿನ ಬೆಳವಣಿಗೆಗೂ ಅಂಗನವಾಡಿ ಗಮನ ಕೊಡಬೇಕು ಎಂಬ 'ಆರಂಭ' ಕಾರ್ಯಕ್ರಮ ಮೊದಲು ಜಾರಿಯಾದ ಎರಡು ಜಿಲ್ಲೆಗಳಲ್ಲಿ ಇದೂ ಒಂದು.

'ಇನ್ನೂ ಚಿಕ್ಕ ಮಗು, ದೊಡ್ಡದಾದ ಮೇಲೆ ಸರಿ ಹೋಗುತ್ತೆ' ಎಂಬ ಮಾತು ನಮ್ಮ ಮನೆಗಳಲ್ಲಿ ಹೊಸದಲ್ಲ. ಹಲವು ಸಲ ಅದು ನಿಜವೂ ಆಗುತ್ತದೆ. ಆದರೆ ಕೆಲವು ಸಮಸ್ಯೆಗಳ ವಿಷಯದಲ್ಲಿ ಹೀಗೆ ಕಾಯುವುದರಿಂದಲೇ ದೊಡ್ಡ ನಷ್ಟವಾಗುತ್ತದೆ. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು? ಸರ್ಕಾರದ ಉಚಿತ ಸೇವೆಗಳು ಯಾವುವು? ಇಲ್ಲಿದೆ ಪೂರ್ಣ ಮಾಹಿತಿ.

ಏನಿದು ಆರಂಭಿಕ ಮಧ್ಯಸ್ಥಿಕೆ?

ಹುಟ್ಟಿನಿಂದ 6 ವರ್ಷದೊಳಗೆ ಮಗುವಿನ ಆರೋಗ್ಯ, ಪೋಷಣೆ ಅಥವಾ ಬೆಳವಣಿಗೆಯಲ್ಲಿ ಕಾಣುವ ಕೊರತೆಯನ್ನು ಬೇಗ ಗುರುತಿಸಿ, ಅದು ಬಲಿಯುವ ಮುನ್ನವೇ ನೆರವು ನೀಡುವುದನ್ನು ಆರಂಭಿಕ ಮಧ್ಯಸ್ಥಿಕೆ ಎನ್ನುತ್ತಾರೆ. ಇದು ಕೇವಲ ಆಸ್ಪತ್ರೆಯ ಚಿಕಿತ್ಸೆಯಲ್ಲ. ತೂಕ ಇಳಿದ ಮಗುವಿಗೆ ಹೆಚ್ಚುವರಿ ಆಹಾರ, ಕಿವಿ ಕೇಳದ ಮಗುವಿಗೆ ಶ್ರವಣ ಸಾಧನ, ಮಾತು ತಡವಾದ ಮಗುವಿಗೆ ವಾಕ್ ತರಬೇತಿ, ಮಗುವಿನೊಂದಿಗೆ ಹೇಗೆ ಆಡಬೇಕೆಂದು ತಂದೆ-ತಾಯಿಗೆ ತೋರಿಸಿಕೊಡುವುದು ಎಲ್ಲವೂ ಇದರಲ್ಲಿ ಸೇರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವಬ್ಯಾಂಕ್ 2018ರ ಮೇ ತಿಂಗಳಲ್ಲಿ ಹೊರತಂದ ಚೌಕಟ್ಟು, ಪ್ರತಿ ಮಗುವಿಗೂ 5 ಅಂಶಗಳು ಒಟ್ಟಿಗೆ ಸಿಗಬೇಕು ಎನ್ನುತ್ತದೆ. ಅವು ಉತ್ತಮ ಆರೋಗ್ಯ, ಸಾಕಷ್ಟು ಪೋಷಣೆ, ಮಗುವಿನ ಸಂಜ್ಞೆಗೆ ಸ್ಪಂದಿಸುವ ಆರೈಕೆ, ಕಲಿಕೆಗೆ ಅವಕಾಶ ಮತ್ತು ಸುರಕ್ಷತೆ. ಒಂದನ್ನು ಕೊಟ್ಟು ಇನ್ನೊಂದನ್ನು ಬಿಟ್ಟರೆ ಪೂರ್ಣ ಫಲ ಸಿಗುವುದಿಲ್ಲ.

ಮೊದಲ ಸಾವಿರ ದಿನ ಎಂದರೇನು?

ತಾಯಿ ಗರ್ಭ ಧರಿಸಿದ ದಿನದಿಂದ ಮಗುವಿನ 2ನೇ ಹುಟ್ಟುಹಬ್ಬದವರೆಗಿನ ಅವಧಿಯೇ ಈ ಸಾವಿರ ದಿನ. ಗರ್ಭದ ಸುಮಾರು 270 ದಿನ ಮತ್ತು ಎರಡು ವರ್ಷದ 730 ದಿನ ಸೇರಿದರೆ ಈ ಲೆಕ್ಕ ಬರುತ್ತದೆ. ಮಿದುಳು ಅತಿ ವೇಗವಾಗಿ ಬೆಳೆಯುವುದು ಈ ಅವಧಿಯಲ್ಲೇ. ನರಕೋಶಗಳ ನಡುವಿನ ಸಂಪರ್ಕಗಳು ಮಗು ಕೇಳುವ ಮಾತು, ನೋಡುವ ಮುಖ, ಮುಟ್ಟುವ ವಸ್ತುಗಳ ಮೂಲಕ ಗಟ್ಟಿಯಾಗುತ್ತವೆ. ಬಳಕೆಯಾಗದ ಸಂಪರ್ಕಗಳು ಕ್ರಮೇಣ ಕಳೆದುಹೋಗುತ್ತವೆ.

ಎತ್ತರದ ಬೆಳವಣಿಗೆಗೂ ಇದೇ ಅವಧಿ ನಿರ್ಣಾಯಕ. ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದನ್ನು ಕುಂಠಿತ ಬೆಳವಣಿಗೆ ಎನ್ನುತ್ತಾರೆ. ಅದು ದೀರ್ಘಕಾಲದ ಪೋಷಣೆಯ ಕೊರತೆ ಮತ್ತು ಪದೇಪದೇ ಬರುವ ಸೋಂಕಿನ ಗುರುತು. ಎರಡು ವರ್ಷದ ನಂತರ ಇದನ್ನು ಸರಿಪಡಿಸುವುದು ಕಷ್ಟ. ಎತ್ತರಕ್ಕೆ ತಕ್ಕ ತೂಕ ಇಲ್ಲದಿರುವುದು ಕೃಶತೆ. ಇದು ಇತ್ತೀಚಿನ ಹಸಿವು ಅಥವಾ ಕಾಯಿಲೆಯ ಸೂಚನೆಯಾಗಿದ್ದು, ಬೇಗ ಗಮನಿಸಿದರೆ ಕೆಲವೇ ವಾರಗಳಲ್ಲಿ ಚೇತರಿಕೆ ಸಾಧ್ಯ. ನಿರ್ಲಕ್ಷಿಸಿದರೆ ಜೀವಕ್ಕೇ ಅಪಾಯ.

ಔರಂಗಾಬಾದ್‌ನಲ್ಲಿ 2002ರಲ್ಲಿ ಆಗಿದ್ದೇನು?

ಮರಾಠವಾಡದಲ್ಲಿ ಮಕ್ಕಳ ಅಪೌಷ್ಟಿಕತೆ ಸುದ್ದಿಯಾದ ಹಿನ್ನೆಲೆಯಲ್ಲಿ, ಆಗ ಔರಂಗಾಬಾದ್ ವಿಭಾಗೀಯ ಆಯುಕ್ತರಾಗಿದ್ದ ಐಎಎಸ್ ಅಧಿಕಾರಿ ವಿ. ರಮಣಿ ಅವರ ನೇತೃತ್ವದಲ್ಲಿ 2002ರಲ್ಲಿ ಅಭಿಯಾನವೊಂದು ಶುರುವಾಯಿತು. ಅದರ ಮೊದಲ ಕೆಲಸ ತೀರಾ ಸರಳ: ಪ್ರತಿ ಮಗುವನ್ನೂ ತೂಗುವುದು, ಸರಿಯಾಗಿ ತೂಗುವುದು, ತೂಕವನ್ನು ಇದ್ದಂತೆಯೇ ಬರೆಯುವುದು.

ಸರಳವಾಗಿ ಕಂಡರೂ ಇದೇ ಕಠಿಣ ಭಾಗವಾಗಿತ್ತು. ಅಪೌಷ್ಟಿಕ ಮಕ್ಕಳ ಸಂಖ್ಯೆ ಹೆಚ್ಚು ತೋರಿಸಿದರೆ ಮೇಲಧಿಕಾರಿಗಳಿಂದ ಪ್ರಶ್ನೆ ಬರುತ್ತದೆ ಎಂಬ ಭಯವಿದ್ದಲ್ಲಿ ಕಾಗದದ ಮೇಲೆ ಎಲ್ಲ ಮಕ್ಕಳೂ ಆರೋಗ್ಯವಾಗಿಯೇ ಇರುತ್ತಾರೆ. ಲೆಕ್ಕಕ್ಕೆ ಬಾರದ ಮಗುವಿಗೆ ಚಿಕಿತ್ಸೆಯೂ ಸಿಗುವುದಿಲ್ಲ. ಹೀಗಾಗಿ ಸಮಸ್ಯೆ ಮುಚ್ಚಿಡುವುದಕ್ಕಿಂತ ಹೊರಗೆ ತರುವುದೇ ಅಭಿಯಾನದ ಮೊದಲ ಗುರಿಯಾಯಿತು. ಬೇರೆ ಬೇರೆಯಾಗಿ ಕೆಲಸ ಮಾಡುತ್ತಿದ್ದ ಆರೋಗ್ಯ ಇಲಾಖೆ ಮತ್ತು ಅಂಗನವಾಡಿ ವ್ಯವಸ್ಥೆಯನ್ನು ಒಂದೇ ಗುರಿಗೆ ಜೋಡಿಸಲಾಯಿತು.

ಈ ಅನುಭವದ ಆಧಾರದಲ್ಲೇ ಮಹಾರಾಷ್ಟ್ರ ಸರ್ಕಾರ 2005ರಲ್ಲಿ 'ರಾಜಮಾತಾ ಜಿಜಾವು ತಾಯಿ-ಮಕ್ಕಳ ಆರೋಗ್ಯ ಮತ್ತು ಪೋಷಣಾ ಮಿಷನ್' ಸ್ಥಾಪಿಸಿತು. ಇದಕ್ಕೆ ಮೊದಲ ಮಹಾನಿರ್ದೇಶಕರಾದವರೂ ರಮಣಿ ಅವರೇ. ಆರಂಭದಲ್ಲಿ ನಾಸಿಕ್, ನಂದುರಬಾರ್, ಠಾಣೆ, ಅಮರಾವತಿ, ಗಡಚಿರೋಲಿ ಎಂಬ 5 ಆದಿವಾಸಿ ಪ್ರಾಬಲ್ಯದ ಜಿಲ್ಲೆಗಳಿಗೆ ಆದ್ಯತೆ ಕೊಡಲಾಯಿತು. 2011ರಲ್ಲಿ ಶುರುವಾದ ಎರಡನೇ ಹಂತ ನೇರವಾಗಿ ಮೊದಲ ಸಾವಿರ ದಿನದ ಮೇಲೆ ಗಮನ ಇಟ್ಟಿತು.

ಫಲಿತಾಂಶ ಏನು ಹೇಳುತ್ತದೆ?

2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಮಹಾರಾಷ್ಟ್ರದಲ್ಲಿ 2 ವರ್ಷದೊಳಗಿನ ಮಕ್ಕಳಲ್ಲಿ ಶೇ 39ರಷ್ಟು ಮಂದಿ ಕುಂಠಿತ ಬೆಳವಣಿಗೆ ಹೊಂದಿದ್ದರು. 2012ರಲ್ಲಿ ನಡೆದ ರಾಜ್ಯದ ಪೋಷಣಾ ಸಮೀಕ್ಷೆಯಲ್ಲಿ ಇದು ಶೇ 24ರ ಆಸುಪಾಸಿಗೆ ಇಳಿದಿತ್ತು. ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ಇಳಿಕೆ ಅಪರೂಪವಾದ್ದರಿಂದ ಇದು ಅಂತಾರಾಷ್ಟ್ರೀಯ ತಜ್ಞರ ಗಮನವನ್ನೂ ಸೆಳೆಯಿತು. ಇದಕ್ಕೆ ಮಿಷನ್ ಒಂದೇ ಕಾರಣವಲ್ಲ. ಆದಾಯ ಏರಿಕೆ, ಹೆಣ್ಣುಮಕ್ಕಳ ಶಿಕ್ಷಣ, ಆಸ್ಪತ್ರೆ ಹೆರಿಗೆ ಹೆಚ್ಚಿದ್ದು ಕೂಡ ನೆರವಾದವು.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. 5 ವರ್ಷದೊಳಗಿನ ಮಕ್ಕಳ ಲೆಕ್ಕ ತೆಗೆದುಕೊಂಡರೆ, 2015-16ರಲ್ಲಿ ರಾಜ್ಯದ ಶೇ 34.4ರಷ್ಟು ಮಕ್ಕಳು ಕುಂಠಿತರಾಗಿದ್ದರೆ, 2019-21ರ ಸಮೀಕ್ಷೆಯಲ್ಲಿ ಅದು ಶೇ 35.2 ಆಗಿದೆ. ಕೃಶತೆ ಎರಡೂ ಸಮೀಕ್ಷೆಗಳಲ್ಲಿ ಶೇ 25.6ರಲ್ಲೇ ನಿಂತಿದೆ. ಅಂದರೆ ಪ್ರತಿ ವರ್ಷ ಹೊಸ ಮಕ್ಕಳು ಹುಟ್ಟುತ್ತಾರೆ, ಪ್ರತಿ ಮಗುವಿನ ಸಾವಿರ ದಿನವೂ ಹೊಸದಾಗಿ ಶುರುವಾಗುತ್ತದೆ. ಒಮ್ಮೆ ಗೆದ್ದ ಹೋರಾಟವನ್ನು ಮತ್ತೆ ಮತ್ತೆ ಗೆಲ್ಲಬೇಕಾಗುತ್ತದೆ.

ಹೊಟ್ಟೆಯ ಜೊತೆ ಮಿದುಳಿಗೂ ಆಹಾರ: 'ಆರಂಭ' ಕಾರ್ಯಕ್ರಮ

ಅಂಗನವಾಡಿ ಎಂದರೆ ಆಹಾರದ ಪೊಟ್ಟಣ ಮತ್ತು ತೂಕದ ಯಂತ್ರ ಎಂಬ ಕಲ್ಪನೆಯನ್ನು ಬದಲಿಸಲು 2018ರಲ್ಲಿ ಔರಂಗಾಬಾದ್ ಮತ್ತು ಯವತ್ಮಾಳ ಜಿಲ್ಲೆಗಳಲ್ಲಿ 'ಆರಂಭ' ಶುರುವಾಯಿತು. ರಾಜ್ಯದ ಸಮಗ್ರ ಶಿಶು ಅಭಿವೃದ್ಧಿ ಸೇವೆ, ಯುನಿಸೆಫ್ ಮತ್ತು ವರ್ಧಾ ಜಿಲ್ಲೆ ಸೇವಾಗ್ರಾಮದ ಮಹಾತ್ಮ ಗಾಂಧಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದರಲ್ಲಿ ಕೈಜೋಡಿಸಿದವು. 3 ವರ್ಷದೊಳಗಿನ ಮಕ್ಕಳ ಕುಟುಂಬಗಳೇ ಇದರ ಮುಖ್ಯ ಗುರಿ.

ಇದಕ್ಕಾಗಿ ಹೊಸ ಸಿಬ್ಬಂದಿ ನೇಮಕದ ಬದಲು, ಇರುವ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಮೇಲ್ವಿಚಾರಕಿಯರಿಗೇ ತರಬೇತಿ ನೀಡಲಾಯಿತು. ಮನೆ ಭೇಟಿ, ತಾಯಂದಿರ ಸಭೆಗಳಲ್ಲಿ ಮಗುವಿನೊಂದಿಗೆ ಮಾತನಾಡುವುದು, ಆಡುವುದು ಹೇಗೆ ಎಂದು ತೋರಿಸಿಕೊಡಲಾಗುತ್ತದೆ. 'ಪಾಲಕ ಮೇಳಾವಾ' ಎಂಬ ಪೋಷಕರ ಮೇಳಗಳು ಇದರ ವಿಶೇಷ. ಹಳ್ಳಿಯಲ್ಲೇ ನಡೆಯುವ ಈ ಮೇಳಗಳಲ್ಲಿ ಮನೆಯ ವಸ್ತುಗಳಿಂದಲೇ ಆಟಿಕೆ ಮಾಡುವುದು, ಮಗುವಿನ ಬೆಳವಣಿಗೆಯ ಹಂತಗಳನ್ನು ಗುರುತಿಸುವುದು ಮುಂತಾದವನ್ನು ಆಟದ ರೂಪದಲ್ಲಿ ಹೇಳಿಕೊಡುತ್ತಾರೆ. ಇಲ್ಲಿ ತಾಯಂದಿರಷ್ಟೇ ಅಲ್ಲ, ತಂದೆ ಮತ್ತು ಅಜ್ಜ-ಅಜ್ಜಿಯರೂ ಭಾಗವಹಿಸಬೇಕು ಎಂಬುದು ಆಶಯ.

ಇಂಥ ಮನೆ ಭೇಟಿಗಳಿಂದ ನಿಜಕ್ಕೂ ಉಪಯೋಗವಿದೆಯೇ? ಜಮೈಕಾ ದೇಶದಲ್ಲಿ 1980ರ ದಶಕದಲ್ಲಿ ನಡೆದ ಪ್ರಸಿದ್ಧ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಕುಂಠಿತ ಬೆಳವಣಿಗೆಯ 129 ಮಕ್ಕಳನ್ನು ಅದಕ್ಕೆ ಆರಿಸಲಾಗಿತ್ತು. ಅವರಲ್ಲಿ ಒಂದು ಗುಂಪಿನ ಮನೆಗಳಿಗೆ ಸಮುದಾಯ ಆರೋಗ್ಯ ಕಾರ್ಯಕರ್ತೆಯರು 2 ವರ್ಷ ಕಾಲ ವಾರಕ್ಕೊಮ್ಮೆ ಹೋಗಿ, ಮಗುವಿನೊಂದಿಗೆ ಆಡುವುದನ್ನು ತಾಯಿಗೆ ಕಲಿಸಿದರು. 20 ವರ್ಷಗಳ ನಂತರ ನೋಡಿದಾಗ, ಈ ನೆರವು ಪಡೆದವರ ಗಳಿಕೆ ಪಡೆಯದವರಿಗಿಂತ ಶೇ 25ರಷ್ಟು ಹೆಚ್ಚಿತ್ತು.

ಭಾರತದಲ್ಲೂ ಈಗ ಇದು ರಾಷ್ಟ್ರೀಯ ನೀತಿಯ ಭಾಗ. ಹುಟ್ಟಿನಿಂದ 3 ವರ್ಷದ ಮಕ್ಕಳಿಗೆ 'ನವಚೇತನ' ಮತ್ತು 3ರಿಂದ 6 ವರ್ಷದವರಿಗೆ 'ಆಧಾರಶಿಲಾ' ಎಂಬ ಚೌಕಟ್ಟುಗಳನ್ನು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2024ರಲ್ಲಿ ಬಿಡುಗಡೆ ಮಾಡಿದೆ.

ತೋಳಿನ ಪಟ್ಟಿಯೇ ಮೊದಲ ಎಚ್ಚರಿಕೆ

6 ತಿಂಗಳಿನಿಂದ 5 ವರ್ಷದ ಮಕ್ಕಳ ಎಡ ತೋಳಿನ ಮಧ್ಯಭಾಗದ ಸುತ್ತಳತೆಯನ್ನು ಬಣ್ಣದ ಪಟ್ಟಿಯಿಂದ ಅಳೆಯುತ್ತಾರೆ. ಇದರ ಲೆಕ್ಕ ಹೀಗಿದೆ:

- 12.5 ಸೆಂ.ಮೀ. ಅಥವಾ ಹೆಚ್ಚು (ಹಸಿರು): ಸಾಮಾನ್ಯ
- 11.5ರಿಂದ 12.5 ಸೆಂ.ಮೀ. ಒಳಗೆ (ಹಳದಿ): ಮಧ್ಯಮ ಅಪೌಷ್ಟಿಕತೆ, ಹೆಚ್ಚುವರಿ ಆಹಾರ ಮತ್ತು ನಿಗಾ ಬೇಕು
- 11.5 ಸೆಂ.ಮೀ.ಗಿಂತ ಕಡಿಮೆ (ಕೆಂಪು): ತೀವ್ರ ಅಪೌಷ್ಟಿಕತೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು

ಎರಡೂ ಪಾದಗಳಲ್ಲಿ ಊತ ಇದ್ದರೆ ತೋಳಿನ ಅಳತೆ ಎಷ್ಟೇ ಇರಲಿ, ಅದನ್ನು ತೀವ್ರ ಅಪೌಷ್ಟಿಕತೆ ಎಂದೇ ಪರಿಗಣಿಸಲಾಗುತ್ತದೆ.

ಮಹಾರಾಷ್ಟ್ರದಲ್ಲಿ ಇಂಥ ಮಕ್ಕಳಿಗೆ ಊರಿನ ಅಂಗನವಾಡಿಯಲ್ಲೇ ಗ್ರಾಮ ಬಾಲ ವಿಕಾಸ ಕೇಂದ್ರದ ಮೂಲಕ ದಿನಕ್ಕೆ ಹಲವು ಬಾರಿ ಆಹಾರ ಮತ್ತು ಔಷಧ ಕೊಡುವ ಪದ್ಧತಿ ಬೆಳೆದುಬಂದಿದೆ. ಜ್ವರ, ಭೇದಿ, ಹಸಿವಿಲ್ಲದಿರುವಿಕೆಯಂಥ ತೊಡಕಿರುವ ಮಕ್ಕಳನ್ನು ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸುತ್ತಾರೆ. ನಾಸಿಕ್ ಜಿಲ್ಲೆಯ ಸುರಗಾಣಾ, ಪೇಠ್, ತ್ರ್ಯಂಬಕೇಶ್ವರದಂಥ ಆದಿವಾಸಿ ತಾಲೂಕುಗಳಲ್ಲಿ ಹಳ್ಳಿಯೊಳಗೇ ಸಿಗುವ ಈ ಸೇವೆಗೆ ಮಹತ್ವ ಹೆಚ್ಚು. ಏಕೆಂದರೆ ಕೂಲಿ ಬಿಟ್ಟು, ಉಳಿದ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಆಸ್ಪತ್ರೆಯಲ್ಲಿ 2 ವಾರ ಉಳಿಯುವುದು ಎಷ್ಟೋ ತಾಯಂದಿರಿಗೆ ಸಾಧ್ಯವಾಗದ ಮಾತು.

ಉಚಿತ ತಪಾಸಣೆ: ಆರ್‌ಬಿಎಸ್‌ಕೆ ಬಗ್ಗೆ ಗೊತ್ತೇ?

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಉದ್ಘಾಟನೆಯಾಯಿತು. ಈಗ ಇದು ಕರ್ನಾಟಕವೂ ಸೇರಿದಂತೆ ದೇಶದೆಲ್ಲೆಡೆ ಇದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ 4 ಬಗೆಯ ಸಮಸ್ಯೆಗಳನ್ನು ಇದು ಹುಡುಕುತ್ತದೆ: ಜನ್ಮಜಾತ ದೋಷ, ಪೋಷಕಾಂಶ ಕೊರತೆ, ಬಾಲ್ಯದ ಕಾಯಿಲೆ, ಅಂಗವೈಕಲ್ಯವೂ ಸೇರಿದ ಬೆಳವಣಿಗೆಯ ವಿಳಂಬ. ಸಂಚಾರಿ ಆರೋಗ್ಯ ತಂಡಗಳು ಅಂಗನವಾಡಿಗೆ ವರ್ಷಕ್ಕೆ 2 ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 1 ಬಾರಿ ಭೇಟಿ ನೀಡಬೇಕು.

ತಂಡ ಗುರುತಿಸಿದ ಮಗುವನ್ನು ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ಮಕ್ಕಳ ತಜ್ಞರು, ಫಿಸಿಯೋಥೆರಪಿಸ್ಟ್, ವಾಕ್-ಶ್ರವಣ ತಜ್ಞರು, ಮನಶ್ಶಾಸ್ತ್ರಜ್ಞರು ಒಂದೇ ಸೂರಿನಡಿ ಸಿಗಬೇಕು ಎಂಬುದು ಈ ಕೇಂದ್ರಗಳ ಉದ್ದೇಶ. ಚಿಕಿತ್ಸೆ ಉಚಿತ. ಸೀಳು ತುಟಿ, ಹೃದಯ ದೋಷದಂಥ ಸಮಸ್ಯೆಗಳ ಶಸ್ತ್ರಚಿಕಿತ್ಸೆಯೂ ಇದರಡಿ ಬರುತ್ತದೆ.

ಭಾರತದ 5 ಪ್ರದೇಶಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2ರಿಂದ 9 ವರ್ಷದ ಸುಮಾರು 8 ಮಕ್ಕಳಲ್ಲಿ ಒಬ್ಬರಿಗೆ ಶ್ರವಣ ದೋಷ, ಆಟಿಸಂ, ಅಪಸ್ಮಾರ, ಕಲಿಕಾ ನ್ಯೂನತೆಯಂಥ ನರ-ಬೆಳವಣಿಗೆಯ ಸಮಸ್ಯೆಗಳಲ್ಲಿ ಕನಿಷ್ಠ ಒಂದಾದರೂ ಇದೆ. ಹಾಗಾಗಿ ಇದು ಯಾರೋ ಕೆಲವರ ಮನೆಯ ವಿಷಯವಲ್ಲ.

ಕಾಯಲೇಬಾರದ ಸಮಸ್ಯೆಗಳಿವು

ಕಿವಿ: ಹುಟ್ಟಿದ 1 ತಿಂಗಳೊಳಗೆ ಶ್ರವಣ ತಪಾಸಣೆ, 3 ತಿಂಗಳೊಳಗೆ ಸಮಸ್ಯೆ ಖಚಿತಪಡಿಸುವುದು, 6 ತಿಂಗಳೊಳಗೆ ಚಿಕಿತ್ಸೆ ಆರಂಭ - ಇದು ವಿಶ್ವದೆಲ್ಲೆಡೆ ಒಪ್ಪಿತ 1-3-6 ಸೂತ್ರ. ಮಗುವಿಗೆ ಮಾತು ಬರುವುದು ಕೇಳಿಸಿಕೊಂಡ ಮೇಲೆಯೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶದ ಪ್ರಮುಖ ಕೇಂದ್ರ.

ಕಣ್ಣು: ಅವಧಿಗೆ ಮುನ್ನ ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದ ಶಿಶುಗಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಸಹಜವಾಗಿ ಬೆಳೆಯಬಹುದು. ಹುಟ್ಟಿದ 30 ದಿನದೊಳಗೆ ಪರೀಕ್ಷೆ ಆಗದಿದ್ದರೆ ಶಾಶ್ವತ ಅಂಧತ್ವದ ಅಪಾಯವಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಯೋಜನೆ, ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಕ್ಯಾಮೆರಾ ಕೊಂಡೊಯ್ದು ಶಿಶುಗಳ ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳುಹಿಸುವ ಮಾದರಿಯಿಂದ ಹೆಸರಾಗಿದೆ.

ಥೈರಾಯ್ಡ್: ಹುಟ್ಟಿನಿಂದಲೇ ಥೈರಾಯ್ಡ್ ಹಾರ್ಮೋನ್ ಕೊರತೆ ಇರುವ ಮಗು ನೋಡಲು ಸಾಮಾನ್ಯವಾಗಿಯೇ ಇರಬಹುದು. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಿಂದ ಇದು ಪತ್ತೆಯಾಗುತ್ತದೆ. ಮೊದಲ 2 ವಾರಗಳಲ್ಲೇ ಮಾತ್ರೆ ಶುರುವಾದರೆ ಬುದ್ಧಿಮಾಂದ್ಯತೆ ತಪ್ಪಿಸಬಹುದು.

ಪಾದ: ಒಳಮುಖವಾಗಿ ತಿರುಚಿದ ಪಾದವನ್ನು ಮೊದಲ ವಾರಗಳಿಂದಲೇ ಹಂತಹಂತವಾಗಿ ಪ್ಲಾಸ್ಟರ್ ಹಾಕಿ ಸರಿಪಡಿಸುವ ಪಾನ್ಸೆಟಿ ವಿಧಾನ ಹೆಚ್ಚಿನ ಮಕ್ಕಳಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯನ್ನು ತಪ್ಪಿಸುತ್ತದೆ.

ಮನೆಯಲ್ಲೇ ಗಮನಿಸಿ: ಎಚ್ಚರಿಕೆಯ ಲಕ್ಷಣಗಳು

ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಆದರೂ ಕೆಳಗಿನ ವಯಸ್ಸಿನಲ್ಲಿ ಈ ಲಕ್ಷಣ ಕಂಡರೆ ವೈದ್ಯರಿಗೆ ತೋರಿಸುವುದು ಒಳಿತು:

- 3 ತಿಂಗಳು: ಮುಖ ನೋಡಿ ನಗುವುದಿಲ್ಲ, ಜೋರಾದ ಸದ್ದಿಗೆ ಬೆಚ್ಚುವುದಿಲ್ಲ
- 5 ತಿಂಗಳು: ಕತ್ತು ನಿಲ್ಲುವುದಿಲ್ಲ
- 9-10 ತಿಂಗಳು: ಆಸರೆ ಇಲ್ಲದೆ ಕೂರುವುದಿಲ್ಲ
- 12 ತಿಂಗಳು: ಹೆಸರು ಕರೆದರೆ ತಿರುಗುವುದಿಲ್ಲ, 'ಬಾಬಾ', 'ದಾದಾ' ಎಂಬ ತೊದಲು ಇಲ್ಲ, ಬೆರಳು ತೋರಿಸುವುದಾಗಲಿ ಟಾಟಾ ಮಾಡುವುದಾಗಲಿ ಇಲ್ಲ
- 18 ತಿಂಗಳು: ನಡೆಯುವುದಿಲ್ಲ, ಅರ್ಥವಿರುವ ಒಂದು ಪದವೂ ಇಲ್ಲ
- 24 ತಿಂಗಳು: 'ಅಮ್ಮ ಬಾ', 'ನೀರು ಬೇಕು' ಎಂಬಂತೆ ಎರಡು ಪದ ಕೂಡಿಸುವುದಿಲ್ಲ
- ಯಾವುದೇ ವಯಸ್ಸು: ಮೊದಲು ಬರುತ್ತಿದ್ದ ಮಾತು ಅಥವಾ ಚಲನೆ ನಿಂತುಹೋಗಿದೆ

'ಅವರಪ್ಪನೂ ಲೇಟಾಗಿ ಮಾತಾಡಿದ್ದು' ಎಂಬ ಸಮಾಧಾನ ನಿಜವಿರಬಹುದು. ಆದರೆ ಪರೀಕ್ಷೆ ಮಾಡಿಸಿ ಸಮಸ್ಯೆ ಇಲ್ಲವೆಂದು ತಿಳಿದರೆ ನಷ್ಟವೇನೂ ಇಲ್ಲ. ಸಮಸ್ಯೆ ಇದ್ದೂ ಕಾಯ್ದರೆ ಕಳೆದುಹೋಗುವುದು ಮತ್ತೆ ಸಿಗದ ತಿಂಗಳುಗಳು.

ಕರ್ನಾಟಕದ ಸ್ಥಿತಿ ಹೇಗಿದೆ?

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದಾಗ ಅದರಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಇತ್ತು. ಅಂದರೆ ರಾಜ್ಯದ ಅಂಗನವಾಡಿಗೆ ಅರ್ಧ ಶತಮಾನದ ಇತಿಹಾಸವಿದೆ. ಅಂಗನವಾಡಿ ಮಕ್ಕಳಿಗೆ ಮೊಟ್ಟೆ, ಕ್ಷೀರಭಾಗ್ಯದ ಹಾಲು, 2017ರಿಂದ ಗರ್ಭಿಣಿ-ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ನೀಡುವ ಮಾತೃಪೂರ್ಣ, ನರೇಗಾ ಕಾರ್ಮಿಕರ ಮಕ್ಕಳಿಗೆ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಯೋಜನೆಗಳಿವೆ.

ಅಂಕಿಅಂಶದಲ್ಲಿ ಸುಧಾರಣೆ ಇದ್ದರೂ ದಾರಿ ದೂರವಿದೆ. 2015-16 ಮತ್ತು 2019-21ರ ಸಮೀಕ್ಷೆಗಳ ನಡುವೆ ರಾಜ್ಯದ 5 ವರ್ಷದೊಳಗಿನ ಮಕ್ಕಳಲ್ಲಿ ಕೃಶತೆ ಶೇ 26.1ರಿಂದ 19.5ಕ್ಕೆ ಇಳಿದಿದೆ. ಆದರೆ ಕುಂಠಿತ ಬೆಳವಣಿಗೆ ಶೇ 36.2ರಿಂದ 35.4ಕ್ಕಷ್ಟೇ ಬಂದಿದೆ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳು ಈಗಲೂ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ಗಡಿ ದಾಟುವ ಮಕ್ಕಳು

ಮರಾಠವಾಡಕ್ಕೂ ಕರ್ನಾಟಕಕ್ಕೂ ನೇರ ನಂಟೊಂದಿದೆ. ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಬೀಡ್ ಮತ್ತು ಸುತ್ತಲ ಜಿಲ್ಲೆಗಳಿಂದ ಕಬ್ಬು ಕಡಿಯುವ ಕುಟುಂಬಗಳು ಪಶ್ಚಿಮ ಮಹಾರಾಷ್ಟ್ರ ಹಾಗೂ ಬೆಳಗಾವಿ, ಬಾಗಲಕೋಟೆ ಭಾಗದ ಸಕ್ಕರೆ ಕಾರ್ಖಾನೆಗಳತ್ತ ಹೊರಡುತ್ತವೆ. ಜೊತೆಗೆ ಹಾಲು ಕುಡಿಯುವ ಕೂಸುಗಳೂ ಬರುತ್ತವೆ. ಐದಾರು ತಿಂಗಳು ಗದ್ದೆಯಂಚಿನ ಗುಡಿಸಲಲ್ಲೇ ವಾಸ. ಈ ಅವಧಿಯಲ್ಲಿ ಲಸಿಕೆ, ತೂಕ ತಪಾಸಣೆ, ಪೂರಕ ಆಹಾರ ತಪ್ಪಿಹೋಗುವ ಸಾಧ್ಯತೆ ಹೆಚ್ಚು. ಸಾವಿರ ದಿನಗಳಲ್ಲಿ ಎರಡು ಹಂಗಾಮು ಹೀಗೆ ಕಳೆದರೆ ಆ ಮಗುವಿನ ಸುಮಾರು ಮೂರನೇ ಒಂದು ಭಾಗದ ಅವಧಿ ಲೆಕ್ಕದಿಂದ ಹೊರಗುಳಿದಂತೆ.

ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಫಲಾನುಭವಿಯ ನೋಂದಣಿಯನ್ನು ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ, ರಾಜ್ಯದಾಚೆಗೂ ವರ್ಗಾಯಿಸುವ ಅವಕಾಶವಿದೆ. ವಲಸೆ ಹೋಗುವವರು ತಾಯಿ ಕಾರ್ಡ್ ಜೊತೆಗಿಟ್ಟುಕೊಂಡು ಹೋದ ಊರಿನ ಅಂಗನವಾಡಿಗೆ ತೋರಿಸಿದರೆ ಸೇವೆ ಮುಂದುವರಿಸುವುದು ಸುಲಭ.

ಖರ್ಚಿಲ್ಲದೆ ಮನೆಯಲ್ಲಿ ಮಾಡಬಹುದಾದ್ದೇನು?

- ಮೊದಲ 6 ತಿಂಗಳು ಎದೆಹಾಲು ಮಾತ್ರ. ನೀರು, ಜೇನು, ಬಜೆ ಯಾವುದೂ ಬೇಡ.
- 6 ತಿಂಗಳ ನಂತರ ಎದೆಹಾಲಿನ ಜೊತೆ ರಾಗಿ ಸರಿ, ಬೇಳೆ-ಅನ್ನ, ತರಕಾರಿ, ತುಪ್ಪ, ಮೊಟ್ಟೆ ಕ್ರಮೇಣ ಆರಂಭಿಸಿ. ತಿಳಿ ಗಂಜಿಗಿಂತ ಚಮಚದಿಂದ ಜಾರದಷ್ಟು ಗಟ್ಟಿ ಆಹಾರ ಒಳ್ಳೆಯದು.
- ಸ್ನಾನ, ಊಟ, ಅಡುಗೆ ಮಾಡುವಾಗ ಮಗುವಿನೊಂದಿಗೆ ಮಾತನಾಡಿ. ಮಗು 'ಅಗೂ' ಎಂದರೆ ನೀವೂ ಉತ್ತರಿಸಿ. ಮನೆಮಾತು ಯಾವುದಿದ್ದರೂ ಅದರಲ್ಲೇ ಮಾತಾಡಿ.
- ಜೋಗುಳ, ಶಿಶುಪ್ರಾಸ, ಅಜ್ಜಿ ಕಥೆಗೆ ಸಮಾನವಾದ ಆಟಿಕೆ ಅಂಗಡಿಯಲ್ಲಿಲ್ಲ. ಸ್ಟೀಲ್ ಬಟ್ಟಲು, ಬಟ್ಟೆ ಚೆಂಡು, ಖಾಲಿ ಡಬ್ಬಿಯೂ ಆಟಿಕೆಯೇ. ನುಂಗಬಹುದಾದಷ್ಟು ಚಿಕ್ಕ ವಸ್ತು ಬೇಡ.
- ಊಟ ಮಾಡಿಸಲು ಮೊಬೈಲ್ ಕೊಡಬೇಡಿ. 2 ವರ್ಷದೊಳಗೆ ಸ್ಕ್ರೀನ್ ತಪ್ಪಿಸಿ, 2ರಿಂದ 4 ವರ್ಷಕ್ಕೆ ದಿನಕ್ಕೆ 1 ಗಂಟೆ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.
- ಬಾಣಂತಿಯಲ್ಲಿ ಸತತ ಬೇಸರ, ಅಳು, ನಿದ್ರೆಹೀನತೆ ಇದ್ದರೆ ಅದೂ ಮಗುವಿನ ಆರೋಗ್ಯದ ವಿಷಯವೇ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಊರಿನ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 42 ದಿನದೊಳಗೆ 6 ಬಾರಿ, ಆ ನಂತರ 3, 6, 9, 12 ಮತ್ತು 15ನೇ ತಿಂಗಳಲ್ಲಿ ಮನೆಗೆ ಬರಬೇಕು. ಬರದಿದ್ದರೆ ಕೇಳಿ ಪಡೆಯುವುದು ಪೋಷಕರ ಹಕ್ಕು. ಬೆಳವಣಿಗೆಯ ವಿಳಂಬ ಕಂಡರೆ ಜಿಲ್ಲಾಸ್ಪತ್ರೆಯಲ್ಲಿ ಆರಂಭಿಕ ಮಧ್ಯಸ್ಥಿಕೆ ಕೇಂದ್ರದ ಬಗ್ಗೆ ವಿಚಾರಿಸಿ. ಕರ್ನಾಟಕದಲ್ಲಿ ಆರೋಗ್ಯ ಸಹಾಯವಾಣಿ 104 ಲಭ್ಯವಿದೆ.

ಮುಂದಿನ ಬಾರಿ ಅಂಗನವಾಡಿಗೆ ಹೋದಾಗ ಮಗುವಿನ ತೂಕ, ಎತ್ತರ ಎಷ್ಟೆಂದು ಕೇಳಿ, ತಾಯಿ ಕಾರ್ಡ್‌ನ ಬೆಳವಣಿಗೆ ರೇಖೆಯಲ್ಲಿ ಅದು ಎಲ್ಲಿದೆ ಎಂದು ನೋಡಿ. ಮರಾಠವಾಡದ ಅಭಿಯಾನ ಶುರುವಾಗಿದ್ದೂ ಇದೇ ತೂಕದ ಲೆಕ್ಕದಿಂದ.

(ಓದುಗರ ಗಮನಕ್ಕೆ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಮಗುವಿನ ಆರೋಗ್ಯದ ಬಗ್ಗೆ ಯಾವುದೇ ಅನುಮಾನವಿದ್ದರೆ ಮಕ್ಕಳ ತಜ್ಞರನ್ನು ಸಂಪರ್ಕಿಸಿ.)